ತಾನಾಗಿ ಏರಿದ ಎಣ್ಣೆ

ತಾನು ನಿಶ್ಚಲನಾಗಿದ್ದುಕೊಂಡೇ ಸಕಲ ಚರಾಚರವನ್ನೂ ನಡೆಸುವವನಿಗೆ ಮೊದಲ ವಂದನೆ. ಸೂರ್ಯಚಂದ್ರರನ್ನು ಸದ್ದಿಲ್ಲದೆ, ಸವೆತವಿಲ್ಲದೆ ತಿರುಗಿಸುವ ಆ ಮಹಾಶಿಲ್ಪಿಯ ಕೈಗೆ ವಂದನೆ. ಎರಡು ಕಾಠಿಣ್ಯಗಳು ಒಂದನ್ನೊಂದು ಉಜ್ಜಿ ನಾಶವಾಗದಂತೆ ನಡುವೆ ಒಂದು ಮೃದುತ್ವವನ್ನಿರಿಸಿ ಲೋಕವನ್ನು ಕಾಯುವ ಕರುಣೆಗೆ ವಂದನೆ. ಕಂಡದ್ದನ್ನು ಕಂಡಷ್ಟಕ್ಕೇ ಬಿಡದೆ "ಇದೇಕೆ ಹೀಗೆ?" ಎಂದು ಕೇಳುವ ಕಿಡಿಯನ್ನು ಮನುಷ್ಯನ ಎದೆಯಲ್ಲಿ ಹೊತ್ತಿಸಿದ ಆ ಬೆಳಕು, ಈ ಕಥೆಯನ್ನು ಹೇಳುವ ನಾಲಗೆಯ ಮೇಲೂ ಕೇಳುವ ಕಿವಿಯ ಮೇಲೂ ಬೀಳಲಿ.

ಇಕ್ಕಟ್ಟಾದ ಓಣಿಯೊಂದರಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬಳಿದ್ದಳು. ಹೆತ್ತವರು ಆಕೆಗೊಂದು ಹೆಸರಿಟ್ಟಿದ್ದರು. ಓಣಿಯ ಜನ ಅದನ್ನು ಮೂಲೆಗೆ ಸೇರಿಸಿ ತಾವೇ ಇನ್ನೊಂದನ್ನು ಚಾಲ್ತಿಗೆ ತಂದಿದ್ದರು. ಆ ಹೆಸರು ಯಾಕಮ್ಮ. ಮಾತು ಕಲಿತಂದಿನಿಂದ ಆಕೆ ಕೇಳುತ್ತ ಬಂದದ್ದು ಆ ಒಂದೇ ಪ್ರಶ್ನೆ. ನಲ್ಲಿ ದುರಸ್ತಿಗೆ ಬಂದವನನ್ನು "ನೀರು ಮೊದಲು ಕೆಂಪಗೆ ಬಂದು ಆಮೇಲೆ ತಿಳಿಯಾಗೋದು ಯಾಕೆ?" ಎಂದು ಕೇಳಿದಾಗ ಆತ ಉತ್ತರ ಯೋಚಿಸುತ್ತ ತನ್ನ ಸಾಮಾನಿನ ಚೀಲವನ್ನೇ ಮರೆತು ಹೋಗಿದ್ದನಂತೆ. ಹಲ್ಲಿನ ವೈದ್ಯರು ಆಕೆಯನ್ನು ಕಂಡರೆ ಮೊದಲು ಬಾಯಿಗೆ ಹತ್ತಿ ತುಂಬಿ ಆಮೇಲೆ ಯೋಗಕ್ಷೇಮ ವಿಚಾರಿಸುತ್ತಾರೆಂಬುದು ನೆರೆಹೊರೆಯವರ ನಗೆಮಾತು. ಆದರೆ ಅಳತೆಯಲ್ಲಿ ಮಾತ್ರ ಯಾರೂ ಆಕೆಯನ್ನು ನೋಡಿ ನಗುವಂತಿರಲಿಲ್ಲ. ಆಕೆ ಹೊಲಿದ ಕುಪ್ಪಸ ಎರಡನೆಯ ಬಾರಿ ಬಿಚ್ಚಿಸಿಕೊಂಡದ್ದು ಓಣಿಯ ಚರಿತ್ರೆಯಲ್ಲಿಯೇ ಇಲ್ಲ.

ಆಕೆಯ ಗಂಡ ವ್ಯಾನಿನ ಚಾಲಕ. ಮನೆ ಬದಲಾಯಿಸುವವರ ಸಾಮಾನು ಸಾಗಿಸುವುದು ಆತನ ಕಸುಬು. ಒಂದು ದಿನ ಕನ್ನಡಿಯ ಬೀರುವೊಂದನ್ನು ಮೆಟ್ಟಿಲಿನಿಂದ ಇಳಿಸುವಾಗ ಆತ ಜಾರಿದ. ಬೀರುವನ್ನು ಎದೆಗವಚಿಕೊಂಡೇ ಬಿದ್ದುದರಿಂದ ಕನ್ನಡಿ ಒಡೆಯಲಿಲ್ಲ, ತೊಡೆಯ ಮೂಳೆ ಒಡೆಯಿತು. ಬೀರುವಿನ ಒಡೆಯರಿಗೆ ಬಹಳ ಸಮಾಧಾನವಾಯಿತು. ಆತನಿಗೆ ಪಟ್ಟಿ ಕಟ್ಟಿಸಿಕೊಂಡು ಹಾಸಿಗೆ ಹಿಡಿಯುವ ಯೋಗ ಬಂತು. ಮಂಚವನ್ನು ಕಿಟಕಿಯ ಬಳಿಗೆ ಎಳೆಸಿಕೊಂಡ. ಕಿಟಕಿಯಾಚೆ ತಗಡಿನ ಚಪ್ಪರ, ಅದರೊಳಗೆ ಆತನ ಹಳೆಯ ಪೆಟ್ರೋಲ್ ವ್ಯಾನು.

"ನೋಡು," ಎಂದ ಮೊದಲ ದಿನವೇ ಹೆಂಡತಿಗೆ, "ದಿನಾ ಬೆಳಗ್ಗೆ ಒಂದು ಸಲ ಸ್ಟಾರ್ಟ್ ಮಾಡು. ಗಾಡಿ ಸುಮ್ಮನೆ ನಿಂತ್ರೆ ಸತ್ತುಹೋಗುತ್ತೆ."

"ಸಾಯೋಕೆ ಅದಕ್ಕೆ ಜೀವ ಇದ್ಯಾ?"

"ಇದೆ. ನಿನಗಿಂತ ಮುಂಚೆ ಈ ಮನೆಗೆ ಬಂದದ್ದು ಅದು."

"ಹಾಗಾದ್ರೆ ನಾನು ಎರಡನೆಯವಳು ಅನ್ನಿ."

"ಮೂರನೆಯವಳು ಕಣೇ," ಎಂದು ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ಮೊದಲನೆಯವಳು ನಾನು."

ಅಂದಿನಿಂದ ಅದೊಂದು ನಿತ್ಯವಿಧಿಯಾಯಿತು. ಯಾಕಮ್ಮ ಹೊಲಿಗೆ ಯಂತ್ರದ ಮುಂದೆ ಕೂಡುವ ಮೊದಲು ಚಪ್ಪರಕ್ಕೆ ಹೋಗುವಳು. ಗಂಡ ಕಲಿಸಿದಂತೆ, ಇಂಜಿನ್ನಿಗೆ ಹೆಚ್ಚು ಪೆಟ್ರೋಲ್ ಬಿಡುವ ಚೋಕಿನ ಗುಂಡಿಯನ್ನು ಪೂರ್ತಿ ಎಳೆದು ಕೀಲಿ ತಿರುಗಿಸುವಳು. ತಣ್ಣಗಿನ ಇಂಜಿನ್ನು ಕೆಮ್ಮಿ, ಕ್ಯಾಕರಿಸಿ, ಕೊನೆಗೆ ಗಂಟಲು ಬಿಟ್ಟು ಮೊಳಗುವುದು. ಕಿಟಕಿಯೊಳಗೆ ಆತ ಕಣ್ಣು ಮುಚ್ಚಿ, ಸಂಗೀತ ಬಲ್ಲವನು ಶ್ರುತಿಯನ್ನು ಆಲಿಸುವಂತೆ ಆಲಿಸಿ, ಮುಖವೆಲ್ಲ ಹಗುರಾದ ಮೇಲೆ ಅಂಗೈ ಎತ್ತುವನು. "ಸಾಕು, ಆರಿಸು. ಪೆಟ್ರೋಲ್ ದಂಡ." ಆಕೆ ಆರಿಸುವಳು. ಇಂಜಿನ್ನಿನ ಮೇಲೆ ಕೈಯಿಟ್ಟರೆ ಅದಿನ್ನೂ ತಣ್ಣಗೇ ಇರುತ್ತಿತ್ತು.

ಸಂಜೆಯ ಹೊತ್ತಿಗೆ ಯಾಕಮ್ಮನ ತಮ್ಮ ಬರುತ್ತಿದ್ದ. ಪಕ್ಕದ ಬೀದಿಯಲ್ಲಿ ಆತನದೊಂದು ಚಿಕ್ಕ ಗ್ಯಾರೇಜು. ಕೈ ತೊಳೆದು, ಭಾವನ ಗಡ್ಡ ಬೋಳಿಸಿ, ಹಾಸಿಗೆಯ ಮೇಲೆಯೇ ಚದುರಂಗದ ಮಣೆ ಹಾಸಿ, ಭಾವನಿಂದ ಬೈಸಿಕೊಳ್ಳುತ್ತ ಆಡಿ, ಗೆದ್ದು ಹೋಗುತ್ತಿದ್ದ. ಆ ಮನೆಯ ಆ ದಿನಗಳ ನಗುವೆಲ್ಲ ಆ ಒಂದು ಹೊತ್ತಿನಲ್ಲಿಯೇ ಇತ್ತು.

ಹೀಗೆ ಕೆಲವು ವಾರಗಳು ಕಳೆದ ಮೇಲೆ ಒಂದು ಬೆಳಗ್ಗೆ ಗಂಡ, "ಇವತ್ತು ಆಯಿಲ್ ಕಡ್ಡಿ ತಂದು ತೋರಿಸು," ಎಂದ. ಆ ವ್ಯಾನಿನ ಇಂಜಿನ್ನು ಮುಂದಿನ ಸೀಟಿನ ಕೆಳಗೆ. ಯಾಕಮ್ಮ ಸೀಟನ್ನು ಪೆಟ್ಟಿಗೆಯ ಮುಚ್ಚಳದಂತೆ ಎತ್ತಿ, ಎಣ್ಣೆಯ ಮಟ್ಟವನ್ನು ತೋರುವ ಉದ್ದನೆಯ ಕಡ್ಡಿಯನ್ನು ಸೆಳೆದು, ಒರೆಸಿ, ಮತ್ತೆ ಅದ್ದಿ, ಹನಿ ಬೀಳದಂತೆ ಅಂಗೈ ಅಡ್ಡ ಹಿಡಿದು ಮಂಚದ ಬಳಿಗೆ ತಂದಳು. ಕಡ್ಡಿಯ ಮೇಲೆ ಎರಡು ಗೀರುಗಳಿರುತ್ತವೆ. ಎಣ್ಣೆ ಅವುಗಳ ನಡುವೆ ನಿಲ್ಲಬೇಕು. ಅಂದು ಅದು ಮೇಲಿನ ಗೀರನ್ನು ದಾಟಿ ಮಿಂಚುತ್ತಿತ್ತು. ಆತ ಬೆರಳಿಗೆ ಹಚ್ಚಿ ಉಜ್ಜಿದ. ನೀರಿನಂತೆ ತೆಳ್ಳಗೆ ಜಾರಿತು. ಮೂಸಿದ. ಹುಬ್ಬು ಗಂಟಾಯಿತು.

"ಬೀಳೋ ಹಿಂದಿನ ದಿನ ಆಯಿಲ್ ಬದಲಾಯಿಸಿದ್ದು ನಿನ್ನ ತಮ್ಮ ತಾನೇ?"

"ಹೌದು. ಯಾಕೆ?"

"ಯಾಕೆ ಅಂತೆ! ಅಳತೆ ಮೀರಿ ಸುರಿದಿದಾನೆ. ಅದೂ ಎಂಥ ಆಯಿಲ್? ಸೀಮೆಎಣ್ಣೆ ಬೆರೆಸಿದ ಕಲಬೆರಕೆ. ಸ್ವಂತ ಭಾವನಿಗೇ ಹೀಗೆ ಮಾಡಿದೋನು ಊರವರಿಗೆ ಏನು ಮಾಡ್ತಾನೋ!"

"ಅವನು ಅಂಥೋನಲ್ಲ ರೀ."

"ಕಡ್ಡಿ ಸುಳ್ಳು ಹೇಳುತ್ತಾ?"

ಹಾಸಿಗೆ ಹಿಡಿದವನ ಕೋಪಕ್ಕೆ ನಡೆದಾಡಿ ಇಳಿಯುವ ದಾರಿಯಿರುವುದಿಲ್ಲ. ಅದು ಒಳಗೇ ಕುದಿಯುತ್ತದೆ. ಆತ ಕೂಡಲೇ ಫೋನು ತೆಗೆದು ಭಾವಮೈದುನನಿಗೆ ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಟ್ಟ. ಅಷ್ಟಕ್ಕೇ ನಿಲ್ಲಲಿಲ್ಲ. ಮಧ್ಯಾಹ್ನ ಯೋಗಕ್ಷೇಮಕ್ಕೆಂದು ಬಂದ ಗೆಳೆಯನೊಬ್ಬನಿಗೂ ಹೇಳಿದ. ವ್ಯಾನು ನಿಲ್ದಾಣದ ಚಾಲಕರು ಆ ಗೆಳೆಯನನ್ನು ರೇಡಿಯೊ ಎಂದು ಕರೆಯುತ್ತಿದ್ದರೆಂದರೆ ಮುಂದಿನದನ್ನು ವಿವರಿಸಬೇಕಾಗಿಲ್ಲ. ಅಂದು ಸಂಜೆ ತಮ್ಮ ಬರಲಿಲ್ಲ. ಮರುದಿನವೂ ಬರಲಿಲ್ಲ. ಮಂಚದ ಮೇಲಿನ ಮುಖದಲ್ಲಿ ಗಡ್ಡ ಬೆಳೆಯತೊಡಗಿತು.

ಯಾಕಮ್ಮನ ಪಾಲಿಗೆ ತವರೆಂದರೆ ಆ ತಮ್ಮನೊಬ್ಬನೇ. ಹೊಲಿದ ಬಟ್ಟೆ ಕೊಡುವ ನೆಪದಲ್ಲಿ ಆಕೆ ಗ್ಯಾರೇಜಿಗೆ ಹೋದಳು. ದಿನವೂ ನಾಲ್ಕಾರು ವ್ಯಾನುಗಳು ಸಾಲು ನಿಲ್ಲುತ್ತಿದ್ದ ಅಂಗಳ ಬರಿದಾಗಿತ್ತು. ತಮ್ಮ ಸ್ಟೂಲಿನ ಮೇಲೆ ಕುಳಿತು, ಮೊದಲೇ ಶುಭ್ರವಾಗಿದ್ದ ಸ್ಪ್ಯಾನರುಗಳನ್ನು ಮತ್ತೆ ಒರೆಸುತ್ತಿದ್ದ.

"ನೀನು ಆವತ್ತು ಎಷ್ಟು ಆಯಿಲ್ ಹಾಕ್ದೆ?" ಎಂದು ಆಕೆ ನೇರವಾಗಿ ಕೇಳಿದಳು.

ಆತ ತಲೆಯೆತ್ತಿದ. "ಅಕ್ಕ, ನೀನೂನಾ?"

"ಅನುಮಾನಪಟ್ಟು ಕೇಳಲಿಲ್ಲವೋ. ಗೊತ್ತಾಗ್ಲಿ ಅಂತ ಕೇಳಿದೆ."

"ಕೇಳಿಸಿಕೊಳ್ಳೋರಿಗೆ ಎರಡೂ ಒಂದೇ ಥರ ಇರುತ್ತೆ."

ಬಾಳಿನಲ್ಲಿ ಮೊದಲ ಬಾರಿಗೆ ಯಾಕಮ್ಮನಿಗೆ ತನ್ನ ಪ್ರಶ್ನೆಯೊಂದನ್ನು ಹಿಂದೆ ತೆಗೆದುಕೊಳ್ಳಬೇಕೆನಿಸಿತು. ತಂದಿದ್ದ ಬಟ್ಟೆಯನ್ನು ಆತನ ಪಕ್ಕಕ್ಕಿಟ್ಟು, "ಒಂದು ಸಲ ಬಂದು ನೋಡಬಾರದಾ?" ಎಂದಳು.

"ನನ್ನನ್ನ ನಂಬದ ಗಾಡಿಯನ್ನ ನಾನು ಮುಟ್ಟಲ್ಲ. ಭಾವ ಕರೀಲಿ, ಬರ್ತೀನಿ. ನೀನು ಕರೆದರೆ ಬರೋಕಾಗಲ್ಲ." ಹೀಗೆಂದು ಆತ ಒರೆಸಿದ ಸ್ಪ್ಯಾನರನ್ನು ತಿರುಗಿಸಿ ಮತ್ತೊಮ್ಮೆ ಒರೆಸಿದ. "ನಿಲ್ದಾಣದಿಂದ ಒಂದು ಗಾಡೀನೂ ಬರ್ತಿಲ್ಲ ಅಕ್ಕ. ಕಲಬೆರಕೆ ಅಂತ ಹೆಸರು ಬಿತ್ತು. ಹೀಗೇ ಆದರೆ ಬಾಗಿಲು ಹಾಕಿ ಬೇರೆ ಕಡೆ ಹೋಗಬೇಕಾಗುತ್ತೆ."

ಆಕೆ ಮನೆಗೆ ಮರಳುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ. ತಮ್ಮ ಸುಳ್ಳು ಹೇಳುವವನಲ್ಲ. ಕಡ್ಡಿಯೂ ಸುಳ್ಳು ಹೇಳದು. ಹಾಗಿದ್ದರೆ ಎರಡೂ ನಿಜವಾಗುವ ಬಗೆ ಯಾವುದು? ಅದನ್ನು ಹುಡುಕದಿದ್ದರೆ ತವರಿನ ಬಾಗಿಲೇ ಮುಚ್ಚಿದಂತೆ.

ಮರುದಿನ ಇಂಜಿನ್ನಿಗೆ ಕೀಲಿ ಕೊಡುವ ಮೊದಲು ಆಕೆ ಕಡ್ಡಿಯನ್ನು ಒರೆಸಿ, ಅದ್ದಿ, ಕೊರಳಿನಲ್ಲಿ ನೇತಾಡುತ್ತಿದ್ದ ಅಳತೆಯ ಪಟ್ಟಿಯನ್ನು ಅದರ ಪಕ್ಕಕ್ಕೆ ಹಿಡಿದು ಎಣ್ಣೆ ಎಲ್ಲಿಯವರೆಗಿದೆ ಎಂದು ನೋಡಿಕೊಂಡಳು. ವಾರ ಕಳೆದ ಮೇಲೆ ಮತ್ತೆ ನೋಡಿದಳು. ಎಣ್ಣೆ ಏರಿತ್ತು! ಕೂದಲೆಳೆಯಷ್ಟಲ್ಲ; ಕುಪ್ಪಸದ ತೋಳಿನಲ್ಲಾಗಿದ್ದರೆ ಗಿರಾಕಿ ಜಗಳಕ್ಕೆ ಬರುವಷ್ಟು. ಓಡಿಹೋಗಿ ಗಂಡನಿಗೆ ಹೇಳಿದಳು.

"ಇನ್ನೂ ಏರ್ತಿದೆ ರೀ! ತಮ್ಮ ಮನೆ ಕಡೆ ಸುಳಿದೇ ಇಲ್ಲ. ಹಾಗಾದ್ರೆ ಅವನು ಹಾಕಿದ್ದು ಹೇಗಾಗುತ್ತೆ?"

"ನೀನು ಅಳೆದದ್ದು ತಪ್ಪಿರುತ್ತೆ."

ಅಡುಗೆಮನೆಯಲ್ಲಿ ಸೌಟು ನಿಂತಿತು.

"ಏನಂದ್ರಿ?"

"ಏನಿಲ್ಲ," ಎಂದು ಗಂಡ ಗೋಡೆಯ ಕಡೆಗೆ ಮುಖ ತಿರುಗಿಸಿದ.

"ನನ್ನ ಮಗ ಮೆಟ್ಟಿಲಿಂದ ಬಿದ್ದು ಬದುಕಿದ," ಎಂದರು ಅತ್ತೆ ಸೊಸೆಯನ್ನು ಬಳಿಗೆ ಕರೆದು, "ಈಗ ಬದುಕ್ತಾನೋ ಇಲ್ವೋ ಅಂತ ಭಯ ಆಯ್ತು. ಹೋಗಲಿ ಬಿಡು. ಎಣ್ಣೆ ತಾನಾಗಿ ಹೆಚ್ಚುತ್ತೆ ಅಂದ್ರೆ ಅದು ದೇವರ ದಯೆ ಕಣೇ. ದೇವರು ಕೊಡೋವಾಗ ಟೇಪು ಹಿಡಿದು ಅಳೀಬಾರದು."

"ಕೊಟ್ಟದ್ದು ಏನು ಅಂತ ನೋಡಬೇಡ್ವಾ ಅತ್ತೆ? ಎಣ್ಣೆಯಾದರೆ ದಪ್ಪ ಇರಬೇಕಿತ್ತು. ಇದು ಏರ್ತಾ ಏರ್ತಾ ತೆಳ್ಳಗಾಗ್ತಿದೆ. ದೇವರು ಕಲಬೆರಕೆ ಮಾಡ್ತಾನಾ?"

ಆ ಗಳಿಗೆಯಿಂದ ಅತ್ತೆಗೂ ಕುತೂಹಲ ಅಂಟಿಕೊಂಡಿತು. ಅಂಟುಜಾಡ್ಯಗಳಲ್ಲಿ ಅದಕ್ಕಿಂತ ಬೇಗ ಹರಡುವುದು ಇನ್ನೊಂದಿಲ್ಲ.

ಮೊದಲಿಗೆ ಯಾಕಮ್ಮ ಎಣ್ಣೆ ಸುರಿಯುವ ಬಾಯಿಯ ಮುಚ್ಚಳಕ್ಕೆ ಕೆಂಪು ದಾರ ಸುತ್ತಿ, ತಾನೇ ಗುರುತಿಸಬಲ್ಲ ಗಂಟು ಹಾಕಿದಳು. ದಿನಗಳು ಕಳೆದವು, ಗಂಟು ಹಾಕಿದಂತೆಯೇ ಇತ್ತು, ಎಣ್ಣೆ ಮಾತ್ರ ಏರಿತ್ತು. ಹೊರಗಿನಿಂದ ಯಾರೂ ಸುರಿದಿಲ್ಲವೆಂದಾಯಿತು. ಬರುತ್ತಿರುವುದು ಒಳಗಿನಿಂದಲೇ. ದಾರ ಬಿಚ್ಚಿ ಮುಚ್ಚಳವನ್ನು ತಿರುಗಿಸಿ ತೆಗೆದರೆ ಅದರ ಒಳಮೈಗೆ ಹಾಲಿನ ಕೆನೆಯಂತಹ ಮಸುಕು ಲೋಳೆ ಮೆತ್ತಿಕೊಂಡಿತ್ತು. ಅತ್ತೆ ಕನ್ನಡಕ ಏರಿಸಿ ಇಣುಕಿದರು.

"ಇದು ನೀರು ಕಣೇ. ಎಣ್ಣೇಲಿ ನೀರು ಕಲಕಿದರೆ ಹೀಗೇ ಬೆಳ್ಳಗಾಗೋದು. ಬಿಸಿ ಪಾತ್ರೆ ಮೇಲೆ ತಣ್ಣಗಿನ ತಟ್ಟೆ ಮುಚ್ಚಿದರೆ ಕೆಳಗೆ ಹನಿ ಕೂರಲ್ವಾ? ಹಾಗೆ."

"ಪಾತ್ರೆ ಚೆನ್ನಾಗಿ ಕಾದರೆ ಆ ಹನೀನೂ ಆರಿಹೋಗುತ್ತೆ ಅಲ್ವಾ ಅತ್ತೆ?"

"ಆರುತ್ತೆ. ಅರ್ಧಕ್ಕೇ ಒಲೆ ಆರಿಸಿದರೆ ಉಳಿಯುತ್ತೆ."

ಯಾಕಮ್ಮ ಆ ಮಾತನ್ನು ಮನಸ್ಸಿನ ಅಂಚಿಗೆ ಸೂಜಿ ಚುಚ್ಚಿ ಸಿಕ್ಕಿಸಿಕೊಂಡಳು. ಆದರೆ ನೀರಷ್ಟೇ ಆಗಿದ್ದರೆ ವಾಸನೆ ಎಲ್ಲಿಯದು? ತಮ್ಮ ಆಯಿಲ್ ಬದಲಾಯಿಸಿದ ದಿನ ಡಬ್ಬಿಯಲ್ಲಿ ಉಳಿದಿದ್ದ ಹೊಸ ಎಣ್ಣೆಯ ಒಂದು ಹನಿಯನ್ನೂ ಕಡ್ಡಿಯ ಮೇಲಿನ ಒಂದು ಹನಿಯನ್ನೂ ಬಟ್ಟೆಯ ಮಾದರಿ ಕತ್ತರಿಸುವ ಕಾಗದದ ಮೇಲೆ ಬಿಟ್ಟಳು. ಹೊಸ ಹನಿ ದುಂಡಗೆ ನಿಂತು ನಿಧಾನವಾಗಿ ಹರಡಿತು. ಇನ್ನೊಂದು ಬಿದ್ದ ಕೂಡಲೇ ಓಡಿತು. ನಡುವೆ ಕಪ್ಪು, ಸುತ್ತಲೂ ಒದ್ದೆಯಾದ ತೆಳು ಬಳೆ. ಆ ಬಳೆಯನ್ನು ಮೂಸಿದಳು. ಸೀಮೆಎಣ್ಣೆಯಲ್ಲ. ವ್ಯಾನಿಗೆ ಪೆಟ್ರೋಲ್ ತುಂಬಿಸುವಾಗ ಮೂಗಿಗೆ ಬರುವ ವಾಸನೆ ಅದು. ಹೊಲಿಗೆ ಯಂತ್ರದಲ್ಲಿ ಗಟ್ಟಿಕಟ್ಟಿದ ಹಳೆಯ ಎಣ್ಣೆಯನ್ನು ತಾನೊಮ್ಮೆ ಪೆಟ್ರೋಲಿನಿಂದ ಕರಗಿಸಿದ್ದು ನೆನಪಾಯಿತು. ಆಗಲೂ ಎಣ್ಣೆ ಹೀಗೇ ನೀರಾಗಿ ಹರಿದಿತ್ತು. ಪೆಟ್ರೋಲಿನ ಮುಳ್ಳು ನೋಡಿದಳು. ಚಪ್ಪರ ಬಿಟ್ಟು ಕದಲದ ಗಾಡಿಯಲ್ಲಿ ಅದು ಬಹಳ ಕೆಳಗಿಳಿದಿತ್ತು.

ಅಷ್ಟರಲ್ಲಿ ಗಂಡನ ಕಾಲಿಗೆ ಬಾವು ಬಂದು, ವೈದ್ಯರು ಕೆಲವು ದಿನ ಆಸ್ಪತ್ರೆಯಲ್ಲಿಯೇ ಇರಿಸಿಕೊಂಡರು. ಅತ್ತೆ ಸೊಸೆ ಇಬ್ಬರೂ ಸರದಿಯ ಮೇಲೆ ಕಾದರು. ವ್ಯಾನಿನ ನೆನಪು ಯಾರಿಗೂ ಇರಲಿಲ್ಲ. ಬಾವು ಇಳಿದು ಮನೆಗೆ ಮರಳಿದ ದಿನ, ಯಾಕಮ್ಮ ಅಭ್ಯಾಸಬಲದಿಂದ ಸೀಟೆತ್ತಿ ಕಡ್ಡಿಯನ್ನು ಅಳೆದಳು. ಅಳೆದು ಹಾಗೆಯೇ ನಿಂತಳು. ಎಣ್ಣೆ ಒಂದು ನೂಲಿನಷ್ಟೂ ಏರಿರಲಿಲ್ಲ.

ಮರುದಿನದಿಂದ ಬೆಳಗಿನ ವಿಧಿ ಮತ್ತೆ ಮೊದಲಾಯಿತು. ವಾರದಲ್ಲಿ ಎಣ್ಣೆಯೂ ಏರಿತು.

ಆಗ ಎಲ್ಲವೂ ಒಂದಕ್ಕೊಂದು ಹೊಲಿದುಕೊಂಡವು. ಚೋಕು ಎಳೆದಾಗ ಇಂಜಿನ್ನಿಗೆ ಪೆಟ್ರೋಲ್ ಹೆಚ್ಚಾಗಿ ಹೋಗುತ್ತದೆಂದು ಗಂಡನೇ ಹೇಳಿದ್ದನಲ್ಲವೇ? ತಣ್ಣಗಿನ ಇಂಜಿನ್ನಿನಲ್ಲಿ ಅದಷ್ಟೂ ಉರಿಯದು. ಉರಿಯದೆ ಉಳಿದದ್ದು ಒಳಗೋಡೆಯ ಮೇಲೆ ಇಳಿದು ಕೆಳಗಿನ ಎಣ್ಣೆಯನ್ನು ಸೇರುತ್ತದೆ. ಪಾತ್ರೆ ಪೂರ್ತಿ ಕಾದಿದ್ದರೆ ಸೇರಿದ ಪೆಟ್ರೋಲೂ ನೀರೂ ಆವಿಯಾಗಿ ಹೋಗುತ್ತಿದ್ದವು. ಆದರೆ ತಾವು ದಿನವೂ ಅರ್ಧಕ್ಕೇ ಒಲೆ ಆರಿಸುತ್ತಿದ್ದರು. ಗಾಡಿಯನ್ನು ಬದುಕಿಸಲೆಂದು ಮಾಡಿದ್ದೇ ಅದಕ್ಕೆ ದಿನಕ್ಕೊಂದು ಗುಟುಕು ವಿಷವಾಗುತ್ತಿತ್ತು.

ಯಾಕಮ್ಮನಿಗೆ ಗೆದ್ದ ಹಿಗ್ಗು ಒಂದು ಕ್ಷಣ. ಮರುಕ್ಷಣ ನೆನಪಾಯಿತು, ಹೇಳಬೇಕಾದದ್ದು ಗಂಡನಿಗೆ. ಹಾಸಿಗೆಯಲ್ಲಿ ಬಿದ್ದವನಿಗೆ ದಿನದಲ್ಲಿ ಇರುವ ಒಂದೇ ಸುಖವನ್ನು ಕಿತ್ತುಕೊಂಡು, ತಪ್ಪು ನಿಮ್ಮದೇ ಎನ್ನುವುದು ಹೇಗೆ? ಹೇಳದಿದ್ದರೆ ತಮ್ಮನ ಬಾಗಿಲು ಮುಚ್ಚುತ್ತದೆ.

ಬೆಳಗ್ಗೆ ಆಕೆ ಕೀಲಿ ತಿರುಗಿಸಲಿಲ್ಲ. ಕಡ್ಡಿಯನ್ನು ಎಳೆದು ತಂದು ಗಂಡನ ಕೈಗೆ ಕೊಟ್ಟಳು.

"ಯಾಕೆ ಸ್ಟಾರ್ಟ್ ಮಾಡಲಿಲ್ಲ?"

"ಪ್ರಶ್ನೆ ಕೇಳೋದು ನನ್ನ ಕೆಲಸ. ಮೂಸಿ ನೋಡಿ."

"ಸೀಮೆಎಣ್ಣೆ. ಆವತ್ತೇ ಹೇಳಿದೆನಲ್ಲ."

"ಕೋಪ ಪಕ್ಕಕ್ಕಿಟ್ಟು ಮೂಸಿ. ಜೀವಮಾನವಿಡೀ ಗಾಡಿ ಓಡಿಸಿದ ಮೂಗು ನಿಮ್ಮದು."

ಆತ ಮೂಸಿದ. ಕಣ್ಣು ಮುಚ್ಚಿ ಮತ್ತೆ ಮೂಸಿದ. ಹುಬ್ಬಿನ ಗಂಟು ನಿಧಾನವಾಗಿ ಸಡಿಲಿತು. "ಪೆಟ್ರೋಲ್," ಎಂದ ಮೆಲ್ಲಗೆ. "ಆಯಿಲ್‌ನಲ್ಲಿ ಪೆಟ್ರೋಲ್ ಹೇಗೆ ಬಂತು?"

ಆಕೆ ಹೇಳಿದಳು. ಕೆಂಪು ದಾರ, ಮುಚ್ಚಳದ ಲೋಳೆ, ಕಾಗದದ ಮೇಲಿನ ಹನಿ, ಆಸ್ಪತ್ರೆಯ ದಿನಗಳು, ಎಲ್ಲವನ್ನೂ ಒಂದಾದ ಮೇಲೊಂದರಂತೆ ಹೇಳಿದಳು. ನಡುವೆ ಅತ್ತೆ ಬಂದು, "ಪಾತ್ರೆ ವಿಷಯ ನಾನು ಹೇಳಿದ್ದು," ಎಂದು ಸೇರಿಸಿ ಹೋದರು. ಆತ ಬಹಳ ಹೊತ್ತು ಕಿಟಕಿಯಾಚೆಗೆ ನೋಡಿದ.

"ಅದು ಸಾಯಬಾರದು ಅಂತ ಅಲ್ಲ ಕಣೇ," ಎಂದ ಕೊನೆಗೆ. "ಆ ಸದ್ದು ಕೇಳಿದರೆ ನನಗೆ ಕಾಲು ಇದೆ ಅನ್ಸುತ್ತೆ."

ಯಾಕಮ್ಮ ಮಂಚದ ಅಂಚಿನಲ್ಲಿ ಕುಳಿತಳು. ಆಗ ಆಕೆ ಯಾಕೆ ಎಂದು ಕೇಳಲಿಲ್ಲ.

"ಫೋನು ಕೊಡು," ಎಂದು ಆತನೇ ಕೈ ಚಾಚಿದ. ಆಕೆ ಕೊಟ್ಟಳು. ಆತ ಗುಂಡಿ ಒತ್ತಿ, ಕಿವಿಗಿಟ್ಟು, ಗಂಟಲು ಸರಿಮಾಡಿಕೊಂಡ. ಬೈಯುವಾಗ ಪದಗಳು ಮೆರವಣಿಗೆಯಲ್ಲಿ ಬಂದಿದ್ದವು. ಈಗ ಒಂದೊಂದನ್ನೂ ಕೈ ಹಿಡಿದು ಎಳೆಯಬೇಕಾಯಿತು.

"ಏನಯ್ಯಾ... ನಾನು. ಒಂದು ಅನುಮಾನ ಇತ್ತು."

"ಇನ್ನೂ ಮುಗಿದಿಲ್ವಾ ಭಾವ, ನನ್ನ ಮೇಲಿನ ಅನುಮಾನ?"

"ನಿನ್ನ ಮೇಲಿಂದು ಮುಗೀತು. ಇದು ನನ್ನ ಮೇಲಿಂದು." ಆತ ಕಡ್ಡಿಯನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದ. "ದಿನಾ ಬೆಳಗ್ಗೆ ಚೋಕ್ ಎಳೆದು ಸ್ಟಾರ್ಟ್ ಮಾಡಿಸಿ, ಬಿಸಿಯಾಗೋ ಮುಂಚೆ ಆರಿಸ್ತಿದ್ದೆ. ಅದಕ್ಕೇ ಆಯಿಲ್ ಏರಿದ್ದಾ?"

ಆ ಕಡೆಯಿಂದ "ದಿನಾನಾ?" ಎಂಬ ಕೂಗು ಪಕ್ಕದ ಕೋಣೆಗೂ ಕೇಳಿಸಿತು. "ಬೆಳಗ್ಗೇನಾ? ನಾನು ಬರೋದು ಸಂಜೆ, ನನಗೆ ಯಾರೂ ಹೇಳೇ ಇಲ್ವಲ್ಲ! ಭಾವ, ಇನ್ನು ಅದನ್ನ ಮುಟ್ಟಬೇಡಿ. ಅಕ್ಕನಿಗೂ ಹೇಳಿ. ಆ ಆಯಿಲ್‌ನಲ್ಲಿ ಒಂದು ಸುತ್ತೂ ತಿರುಗಬಾರದು."

"ಹಾಗಾದ್ರೆ ನೀನೇ ಬರಬೇಕಲ್ಲಯ್ಯ."

"ಕರೀತಿದೀರಾ?"

"ಕಾಲು ಹಿಡಿದು ಕರೀತಿದ್ದೆ. ಆದರೆ ಒಂದು ಕಾಲು ಪಟ್ಟಿಯಲ್ಲಿದೆ, ಬಗ್ಗೋಕಾಗಲ್ಲ."

ತಮ್ಮನ ನಗು ಫೋನಿನಲ್ಲಿ ಬಂತು. ಸ್ವಲ್ಪ ಹೊತ್ತಿನಲ್ಲಿ ಆತನೂ ಬಂದ, ಭುಜಕ್ಕೊಂದು ಚೀಲ, ಕೈಯಲ್ಲೊಂದು ಹೊಸ ಎಣ್ಣೆಯ ಡಬ್ಬಿ. ಹೊಸಿಲಲ್ಲಿ ಒಂದು ಕ್ಷಣ ತಡೆದು ನಿಂತ. ಅತ್ತೆ, "ಒಳಗೆ ಬಾ, ನಿನ್ನ ಭಾವನ ಗಡ್ಡ ನೋಡಿ ಓಣಿ ಮಕ್ಕಳು ಹೆದರ್ತಿವೆ," ಎಂದ ಮೇಲೆ ಒಳಗಡಿಯಿಟ್ಟ.

ಅಕ್ಕ ತಮ್ಮ ಇಬ್ಬರೂ ಸೇರಿ ರೋಗಿಯನ್ನು ಕುರ್ಚಿಸಹಿತ ಚಪ್ಪರದ ಬಾಗಿಲಿಗೆ ಸಾಗಿಸಿದರು. ತಮ್ಮ ವ್ಯಾನಿನ ಕೆಳಗೆ ತೂರಿ, ತಳದ ತಿರುಪನ್ನು ಬಿಚ್ಚಿದ. ಕಪ್ಪು ದ್ರವ ನೀರಿನಂತೆ ಸುಯ್ಯೆಂದು ಬಾಣಲಿಗೆ ಇಳಿಯಿತು. "ಸಾಮಾನ್ಯವಾಗಿ ಇಂಜಿನ್ ಬಿಸಿಯಿದ್ದಾಗ ಇಳಿಸಬೇಕು, ಕೊಳೆಯೆಲ್ಲ ಜೊತೇಲಿ ಬರುತ್ತೆ," ಎಂದ ಕೆಳಗಿನಿಂದಲೇ. "ಇದು ತಣ್ಣಗಿದ್ದರೂ ಓಡ್ತಿದೆ ನೋಡು ಅಕ್ಕ. ಎಣ್ಣೆ ಅನ್ನೋ ಹೆಸರಿಗೇ ಅವಮಾನ." ಕಡೆಯ ಹನಿಯವರೆಗೆ ಕಾದು, ತಿರುಪಿಗೆ ಹೊಸ ಬಳೆ ತೊಡಿಸಿ ಬಿಗಿದ. ಎಣ್ಣೆ ಸೋಸುವ ಹೊಸ ಫಿಲ್ಟರನ್ನು ಎತ್ತಿ ಹಿಡಿದು ಅದರ ಹೊಟ್ಟೆಗೆ ಮೊದಲೇ ಎಣ್ಣೆ ತುಂಬಿಸಿದ. ಬಾಯಿಯ ರಬ್ಬರಿಗೆ ಬೆರಳಿನಿಂದ ಎಣ್ಣೆ ಸವರಿದ.

"ಖಾಲಿಯಾಗಿ ಹಾಕಿದರೆ ಏನಾಗುತ್ತೆ?" ಎಂದಳು ಯಾಕಮ್ಮ.

"ಆ ಹೊಟ್ಟೆ ತುಂಬೋವರೆಗೆ ಇಂಜಿನ್ ಉಪವಾಸ."

ಎಣ್ಣೆ ಸುರಿದು, ಕಡ್ಡಿ ನೋಡಿ, ಆತ ಒಂದು ವಿಚಿತ್ರ ಕೆಲಸ ಮಾಡಿದ. ಇಂಜಿನ್ನಿಗೆ ಕಿಡಿ ಕೊಡುವ ಕಾಯಿಲಿನ ದಪ್ಪ ತಂತಿಯನ್ನು ಕಿತ್ತಿಟ್ಟ. "ಈಗ ಚೋಕ್ ಇಲ್ಲದೆ ಕೀಲಿ ತಿರುಗಿಸು ಅಕ್ಕ. ಸ್ವಲ್ಪ ಸ್ವಲ್ಪವಾಗಿ. ಆಯಿಲ್ ದೀಪ ನೋಡ್ತಿರು, ಎಣ್ಣೆ ಮೇಲೆ ಬಂದರೆ ಅದು ಆರುತ್ತೆ."

"ತಂತಿ ಇಲ್ಲದೆ ಸ್ಟಾರ್ಟ್ ಆಗಲ್ವಲ್ಲೋ!"

"ಆಗಬಾರದು ಅಂತಾನೇ. ಮೊದಲು ಎಣ್ಣೆ ಮೇಲೆ ಹತ್ತಲಿ, ಆಮೇಲೆ ಬೆಂಕಿ. ನಿಂತ ಇಂಜಿನ್‌ನಲ್ಲಿ ಎಣ್ಣೆಯೆಲ್ಲ ಕೆಳಗಿನ ತೊಟ್ಟಿಗೆ ಇಳಿದುಬಿಡುತ್ತೆ. ಕೀಲಿ ಕೊಟ್ಟ ಕೂಡಲೇ ಕಬ್ಬಿಣ ತಿರುಗುತ್ತೆ, ಎಣ್ಣೆ ಇನ್ನೂ ಮೆಟ್ಟಿಲು ಹತ್ತುತ್ತಾ ಇರುತ್ತೆ. ಸವೆಯೋದು ಹೆಚ್ಚಾಗಿ ಆ ಗಳಿಗೇಲೇ. ನೀವು ದಿನಾ ಅದಕ್ಕೆ ಆ ಕೆಟ್ಟ ಗಳಿಗೇನ ಮಾತ್ರ ಕೊಟ್ಟು, ಒಳ್ಳೇ ಗಳಿಗೆ ಬರೋ ಮುಂಚೆ ಆರಿಸ್ತಿದ್ರಿ."

ಯಾಕಮ್ಮ ಕೀಲಿ ತಿರುಗಿಸಿದಳು. ಇಂಜಿನ್ನು ಗುರ್ ಗುರ್ ಎಂದು ಹೊರಳಿತು, ಹೊತ್ತಿಕೊಳ್ಳಲಿಲ್ಲ. ಬಿಟ್ಟಳು, ಮತ್ತೆ ತಿರುಗಿಸಿದಳು. ಎಣ್ಣೆಯ ಕೆಂಪು ದೀಪ ಮಿಣುಕಿ, ಮಂಕಾಗಿ, ಆರಿತು. ಕಣ್ಣಿಗೆ ಕಾಣದ ಕತ್ತಲೆಯೊಳಗೆ, ಕಬ್ಬಿಣ ಕಬ್ಬಿಣವನ್ನು ಮುಟ್ಟದಂತೆ, ರೇಷ್ಮೆಯ ನೂಲಿಗಿಂತಲೂ ತೆಳುವಾದ ಪೊರೆಯೊಂದು ಹಾಸಿಕೊಂಡಿತ್ತು. ಅತ್ತೆ ಹುಡುಕಿದ ದೇವರ ದಯೆ ಅದೇ ಇರಬಹುದು. ಅದು ಕಡ್ಡಿಯ ಮೇಲೆ ಏರಿ ತೋರಿಸಿಕೊಳ್ಳುವಂಥದ್ದಲ್ಲ. ತಮ್ಮ ತಂತಿ ಸಿಕ್ಕಿಸಿದ. ಈ ಬಾರಿ ಇಂಜಿನ್ನು ಕೆಮ್ಮದೆ, ಕ್ಯಾಕರಿಸದೆ ಹೊತ್ತಿಕೊಂಡಿತು.

ಕುರ್ಚಿಯಲ್ಲಿದ್ದವನ ಮುಖ ಅರಳಿತು. ಅಭ್ಯಾಸದಂತೆ ಅಂಗೈ ಎತ್ತಿದ. ಬಾಯಿಗೆ ಬಂದಿದ್ದ "ಸಾಕು" ಅಲ್ಲಿಯೇ ನಿಂತಿತು.

"ಹಾಂ, ಕೈ ಇಳಿಸಿ ಭಾವ," ಎಂದ ತಮ್ಮ. "ಈಗ ಇದನ್ನ ಓಡಿಸಬೇಕು. ನಿಂತಲ್ಲೇ ಉರಿಸಿದರೆ ಬೇಗ ಬಿಸಿಯಾಗಲ್ಲ. ಮೆಲ್ಲಗೆ ಹೊರಟು, ದೂರ ಸುತ್ತಿ ಬರ್ತೀನಿ. ಆಮೇಲೆ ನಿಮ್ಮ ಕಾಲು ವಾಸಿಯಾಗೋವರೆಗೆ ಇದಕ್ಕೂ ವಿಶ್ರಾಂತಿ."

"ನನ್ನನ್ನೂ ಹಾಕ್ಕೋ."

"ಎಲ್ಲಿಗೆ?"

"ನಿಲ್ದಾಣಕ್ಕೆ."

ತಮ್ಮನೂ ಅಕ್ಕನೂ ಮುಖ ಮುಖ ನೋಡಿಕೊಂಡರು. ಸಾಮಾನು ಹೊರುವ ಹಿಂಬದಿಯಲ್ಲಿ ಹಾಸಿಗೆ ಹಾಸಿ, ದಿಂಬುಗಳ ನಡುವೆ ಆತನನ್ನು ಬೀರುವಿಗಿಂತ ಜೋಪಾನವಾಗಿ ಏರಿಸಿದರು. ಯಾಕಮ್ಮ ಪಕ್ಕದಲ್ಲಿ ಕುಳಿತಳು. ಊರನ್ನೊಂದು ದೊಡ್ಡ ಸುತ್ತು ಸುತ್ತಿ, ಇಂಜಿನ್ನು ಚೆನ್ನಾಗಿ ಕಾದ ಮೇಲೆ ವ್ಯಾನು ನಿಲ್ದಾಣದಲ್ಲಿ ನಿಂತಿತು. ಪಕ್ಕದ ಬಾಗಿಲು ಸರಿಸಿದರೆ, ಗಡ್ಡ ಬಿಟ್ಟು ದಿಂಬಿಗೊರಗಿದ ಗೆಳೆಯನನ್ನು ಕಂಡು ಚಾಲಕರೆಲ್ಲ ಸುತ್ತುವರಿದರು.

"ಏನೋ ಇದು, ಮಹಾರಾಜರ ಸವಾರಿ!" ಎಂದ ರೇಡಿಯೊ.

"ಕೇಳ್ರಪ್ಪ ಎಲ್ಲರೂ," ಎಂದ ಆತ. "ನನ್ನ ಭಾವಮೈದುನ ಕಲಬೆರಕೆ ಆಯಿಲ್ ಹಾಕಿದ ಅಂತ ನಾನು ಹೇಳಿದ್ದೆನಲ್ಲ, ಅದು ಸುಳ್ಳು. ಅವನು ಹಾಕಿದ್ದು ಚೊಕ್ಕ ಆಯಿಲ್. ಅದನ್ನ ಕಲಬೆರಕೆ ಮಾಡಿದ್ದು ನಾನು, ಹಾಸಿಗೆಯಲ್ಲಿ ಮಲಗಿಕೊಂಡೇ." ಹೇಗೆಂಬುದನ್ನೂ ಬಿಡದೆ ವಿವರಿಸಿದ.

ರೇಡಿಯೊ ತಲೆ ಕೆರೆದುಕೊಂಡ. "ಇದನ್ನ ಎಲ್ಲರಿಗೂ ಹೇಳಲಾ?"

"ಹೇಳು. ಅದಕ್ಕೇ ಮೊದಲು ನಿನ್ನ ಹತ್ತಿರ ಬಂದದ್ದು."

ನಗುವಿನ ನಡುವೆ ವಯಸ್ಸಾದ ಚಾಲಕನೊಬ್ಬ ಮೆಲ್ಲನೆ ಹಿಂದೆ ಸರಿದು ತನ್ನ ವ್ಯಾನಿನ ಸೀಟೆತ್ತಿದ. ಆತನ ಮನೆ ನಿಲ್ದಾಣದ ಹಿಂದುಗಡೆಯೇ. ದಿನವೂ ಗಾಡಿಯನ್ನು ಅಲ್ಲಿಂದಿಲ್ಲಿಗೆ ತಂದು, ನೆರಳಲ್ಲಿ ನಿಲ್ಲಿಸಿ ನಿದ್ದೆ ಮಾಡುವುದು ಆತನ ಪದ್ಧತಿ. ಕಡ್ಡಿ ಎಳೆದು ಬಿಸಿಲಿಗೆ ಹಿಡಿದ. "ಅಯ್ಯೋ!" ಎಂದ. "ನಂದೂ ಏರಿದೆ!"

ಆಮೇಲೆ ಯಾರನ್ನೂ ಹಿಡಿಯುವಂತಿರಲಿಲ್ಲ. ಸಾಲಾಗಿ ನಿಂತ ವ್ಯಾನುಗಳ ಸೀಟುಗಳೆಲ್ಲ ಪಟಪಟನೆ ಮೇಲೆದ್ದವು. ಎಲ್ಲರ ಕೈಯಲ್ಲೂ ಒಂದೊಂದು ಕಡ್ಡಿ. ಒಬ್ಬರದನ್ನು ಇನ್ನೊಬ್ಬರು ಮೂಸುವವರು, ಬೆರಳಿಗೆ ಉಜ್ಜುವವರು. "ಇದು ಯಾಕೆ ಇಷ್ಟು ಕಪ್ಪು?" "ಇದು ಯಾಕೆ ಕೆಳಗಿದೆ?" "ಬಿಸಿಯಿದ್ದಾಗ್ಲೇ ಇಳಿಸಬೇಕಂತೆ, ಯಾಕಯ್ಯಾ?" ಎಲ್ಲ ಪ್ರಶ್ನೆಗಳೂ ತಮ್ಮನ ಮೇಲೆ ಬಂದು ಬಿದ್ದವು. ಆತ ಎರಡೂ ಕೈಯೆತ್ತಿ, "ಒಬ್ಬೊಬ್ಬರಾಗಿ, ಒಬ್ಬೊಬ್ಬರಾಗಿ! ಗ್ಯಾರೇಜಿಗೆ ಬನ್ನಿ, ಅಂಗಳ ಖಾಲಿ ಇದೆ," ಎಂದು ಕೂಗುತ್ತಿದ್ದ. ದಿಂಬಿಗೊರಗಿದವನು ಅದನ್ನು ನೋಡುತ್ತ, ಬಿಸಿಯಾದ ಇಂಜಿನ್ನು ಆರಿದ ಮೇಲೆ ಟಿಕ್ ಟಿಕ್ ಎಂದು ತಣಿಯುವ ಸದ್ದನ್ನು ಆಲಿಸುತ್ತಿದ್ದ.

ಈ ಕಥೆಯನ್ನು ಕೇಳಿದವರೆಲ್ಲರ ಗಾಡಿಗಳು ದಾರಿಯಲ್ಲಿ ನಿಲ್ಲದಿರಲಿ, ಮೂಳೆಗಳು ಗಟ್ಟಿಯಾಗಿರಲಿ. ಅವಸರದ ಮಾತು ಅವರ ತುಟಿಗೆ ಬರುವ ಮೊದಲು ವಿವೇಕ ಎದೆಯಿಂದ ಮೇಲೇರಿ ಬರಲಿ. ಒಡಹುಟ್ಟಿದವರಿಗೆ ಅವರ ಮನೆಯ ಬಾಗಿಲು ಎಂದೂ ಮುಚ್ಚದಿರಲಿ. ಕೇಳುವವರಿಗೆ ಉತ್ತರವೂ, ಉತ್ತರಿಸುವವರಿಗೆ ತಾಳ್ಮೆಯೂ, ಎಲ್ಲರಿಗೂ ಆ ಕರುಣಾಳುವಿನ ಕಾವಲೂ ಸದಾ ದೊರೆಯಲಿ.